ದಫ್ತರ, ತಂತಿ, ಗಿರಣಿ: ಯುದ್ಧಕಾಲದಲ್ಲಿ ಪ್ರಜೆಗಳ ಪ್ರತಿರೋಧ

ಗೆದ್ದ ಸೈನ್ಯ ಒಂದು ನಾಡಿನಲ್ಲಿ ಬೀಡುಬಿಟ್ಟು ತನ್ನ ಆಡಳಿತ ನಡೆಸತೊಡಗಿದರೆ ಆ ನೆಲವನ್ನು ಆಕ್ರಮಿತ ಪ್ರದೇಶ ಎನ್ನುತ್ತಾರೆ. 1907ರ ಹೇಗ್ ನಿಯಮಾವಳಿಯ 42ನೇ ವಿಧಿಯ ತಾತ್ಪರ್ಯವೂ ಇಷ್ಟೇ: ವೈರಿಸೈನ್ಯದ ಅಧಿಕಾರ ಎಲ್ಲಿಯವರೆಗೆ ನಿಜವಾಗಿ ನಡೆಯುತ್ತದೋ ಅಷ್ಟು ನೆಲ ಆಕ್ರಮಿತ. ಅಂಥ ಕಡೆ ಆಯುಧವಿಲ್ಲದ ಜನ ಕೆಲಸ ನಿಲ್ಲಿಸಿ, ಕಂದಾಯ ತಡೆದು, ಆಜ್ಞೆಗಳನ್ನು ಕಿವಿಗೆ ಹಾಕಿಕೊಳ್ಳದೆ, ಸರ್ಕಾರ ಹುಡುಕುತ್ತಿರುವವರನ್ನು ಮನೆಯಲ್ಲಿ ಬಚ್ಚಿಟ್ಟು ಆಳ್ವಿಕೆ ಸಾಗದಂತೆ ಮಾಡುವುದು ಪ್ರಜಾ ಪ್ರತಿರೋಧ. ಬಂದೂಕು ಹಿಡಿದವರ ಹೋರಾಟಕ್ಕೂ ಇದಕ್ಕೂ ನಡುವೆ ಗೆರೆ ಎಳೆಯುವುದು ಪುಸ್ತಕದಲ್ಲಿ ಸುಲಭ. ನಡೆದುಹೋದ ಚರಿತ್ರೆಯಲ್ಲಿ ಆ ಗೆರೆ ಅಷ್ಟು ನೆಟ್ಟಗಿರುವುದಿಲ್ಲ.

ಊರನ್ನು ಗೆಲ್ಲಲು ಸೈನ್ಯಕ್ಕೆ ಫಿರಂಗಿ ಸಾಕು. ಗೆದ್ದ ಊರನ್ನು ಆಳಲು ಲೆಕ್ಕ ಬರೆಯುವವರು, ರೈಲು ನಡೆಸುವವರು, ಧಾನ್ಯ ಒದಗಿಸುವವರು, ದಾರಿ ತೋರಿಸುವವರು ಬೇಕು. ಇವರೆಲ್ಲ ಸಾಮಾನ್ಯವಾಗಿ ಸೋತ ನಾಡಿನವರೇ ಆಗಿರುತ್ತಾರೆ. ಬೆಂಗಳೂರಿನ ಸುತ್ತಮುತ್ತಲ ಸೀಮೆ ಇದನ್ನು ಒಂದು ಸಲ ಕಣ್ಣಾರೆ ಕಂಡಿದೆ. 1791ರ ಮಾರ್ಚ್ 7ರಂದು ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರು ಪೇಟೆಯನ್ನೂ ಮಾರ್ಚ್ 21ರ ರಾತ್ರಿ ಕೋಟೆಯನ್ನೂ ಹಿಡಿಯಿತು. ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಸತ್ತ. ಆ ಬಳಿಕ ಸೈನ್ಯ ಉತ್ತರಕ್ಕೆ, ದೇವನಹಳ್ಳಿಯ ಕಡೆಗೆ ಹೊರಟಿತು. ನಿಜಾಮನ ಕುದುರೆಪಡೆಯನ್ನು ಕೂಡಿಕೊಳ್ಳುವುದು ಅದರ ಗುರಿಯಾಗಿತ್ತು. ಮೈಸೂರಿನವರು ಮೇವು ಸುಟ್ಟು ಊರು ತೆರವು ಮಾಡಿಸುತ್ತಿದ್ದುದರಿಂದ ಗೆದ್ದವರಿಗೆ ಕೋಟೆ ದಕ್ಕಿದರೂ ಕಾಳು ದಕ್ಕಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲವರೆಗೂ ಹೋದ ಕಾರ್ನ್‌ವಾಲಿಸ್, ಎತ್ತುಗಳು ಸತ್ತು ಆಹಾರ ಮುಗಿದು, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂತಿರುಗಬೇಕಾಯಿತು. ಮುಂದಿನ ವರ್ಷ ಅವನು ಮತ್ತೆ ಬಂದು ಗೆದ್ದುದರ ಹಿಂದೆ ಹೇರೆತ್ತುಗಳ ಮೇಲೆ ಧಾನ್ಯ ತಂದು ಮಾರುತ್ತಿದ್ದ ಬಂಜಾರರ ಪಾತ್ರ ಸಣ್ಣದಲ್ಲ. 1792ರ ಒಪ್ಪಂದದ ನಂತರ ಬೆಂಗಳೂರು ಟಿಪ್ಪುವಿನ ಕೈಗೆ ಮರಳಿತು. ಆಗ ಊರು ತೆರವು ಮಾಡಿಸಿದ್ದು ದೊರೆಯ ಆಜ್ಞೆ. ಜನ ತಾವಾಗಿ ಕೂಡಿ ಮಾಡಿದ ಚಳವಳಿ ಅದಲ್ಲ. ಅಂಥ ಚಳವಳಿ ಕಾಣಲು ಇಪ್ಪತ್ತನೇ ಶತಮಾನಕ್ಕೆ ಬರಬೇಕು.

ಎರಡನೇ ಮಹಾಯುದ್ಧದ ಯೂರೋಪಿನಲ್ಲಿ ಇದರ ಅತ್ಯಂತ ಸ್ಪಷ್ಟ ಉದಾಹರಣೆ ನಾರ್ವೆಯ ಶಾಲಾ ಶಿಕ್ಷಕರದು. ಜರ್ಮನಿ 1940ರ ಏಪ್ರಿಲ್ 9ರಂದು ಆ ದೇಶದ ಮೇಲೆ ಬಿತ್ತು. 1942ರ ಫೆಬ್ರವರಿಯಲ್ಲಿ ಜರ್ಮನರ ಬೆಂಬಲದಿಂದ ಪ್ರಧಾನಿಯಾದ ಕ್ವಿಸ್ಲಿಂಗ್ ಎಲ್ಲ ಶಿಕ್ಷಕರೂ ತನ್ನ ಹೊಸ ಸಂಘಕ್ಕೆ ಸೇರಬೇಕೆಂದೂ ಮಕ್ಕಳೆಲ್ಲ ನಾಜಿ ಮಾದರಿಯ ಯುವದಳಕ್ಕೆ ಸೇರಬೇಕೆಂದೂ ಕಾನೂನು ಮಾಡಿದ. ಬಹುಪಾಲು ಶಿಕ್ಷಕರು ತಮ್ಮ ತಮ್ಮ ಹೆಸರು, ವಿಳಾಸ ಬರೆದು ಒಂದೇ ಒಕ್ಕಣೆಯ ಪತ್ರ ಕಳಿಸಿದರು: ಸೇರುವುದಿಲ್ಲ. ಗುಟ್ಟಾಗಿ ಹಂಚಿಕೊಂಡ ಒಕ್ಕಣೆ, ಬಹಿರಂಗವಾಗಿ ಹಾಕಿದ ಸಹಿ. ಸರ್ಕಾರ ಉರುವಲು ಇಲ್ಲವೆಂಬ ನೆಪ ಹೇಳಿ ಶಾಲೆಗಳನ್ನು ಮುಚ್ಚಿತು. ತಂದೆ ತಾಯಂದಿರ ಪ್ರತಿಭಟನಾ ಪತ್ರಗಳು ಲಕ್ಷಗಟ್ಟಲೆ ಬಂದವು. ಮಾರ್ಚಿನಲ್ಲಿ ಸುಮಾರು 1,100 ಶಿಕ್ಷಕರನ್ನು ಹಿಡಿದರು. ಅವರಲ್ಲಿ ನೂರಾರು ಮಂದಿಯನ್ನು ಹಡಗಿನಲ್ಲಿ ತುಂಬಿ ಉತ್ತರ ಧ್ರುವವಲಯದ ಕಿರ್ಕೆನೆಸ್ಸಿಗೆ ಸಾಗಿಸಿ ಕೂಲಿ ಕೆಲಸಕ್ಕೆ ಹಚ್ಚಿದರು. ಆದರೂ ಸಂಘ ಮೇಲೇಳಲಿಲ್ಲ. ಆ ವರ್ಷ ಮುಗಿಯುವ ಮೊದಲೇ ಶಿಕ್ಷಕರು ಮನೆಗೆ ಮರಳಿದರು.

ಡೆನ್ಮಾರ್ಕಿನಲ್ಲಿ 1943ರ ಆಗಸ್ಟಿನ ಮುಷ್ಕರಗಳ ಸರಣಿ ಅಲ್ಲಿನ ಸರ್ಕಾರವನ್ನೇ ಜರ್ಮನರೊಂದಿಗಿನ ಸಹಕಾರದಿಂದ ಹೊರಗೆಳೆಯಿತು. ಆ ಅಕ್ಟೋಬರಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಯಹೂದಿಯರನ್ನು ಜನ ಮೀನುಗಾರರ ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿದರು. ಎಲ್ಲ ಕಡೆಯೂ ಹೀಗೆ ಸುಸೂತ್ರವಾಗಿ ನಡೆಯಲಿಲ್ಲ. 1944ರ ಸೆಪ್ಟೆಂಬರಿನಲ್ಲಿ ಡಚ್ ರೈಲ್ವೆ ನೌಕರರು ಮುಷ್ಕರ ಹೂಡಿದಾಗ ಜರ್ಮನರು ತಮ್ಮವರನ್ನೇ ಕರೆಸಿ ಸೈನ್ಯದ ರೈಲುಗಳನ್ನು ಓಡಿಸಿಕೊಂಡರು, ನಗರಗಳಿಗೆ ಆಹಾರ ಹೋಗುವುದನ್ನು ತಡೆದರು. ಆ ಚಳಿಗಾಲ ಹಸಿವಿನಿಂದ ಸತ್ತವರು ಸುಮಾರು 20,000. ಪ್ರತಿರೋಧದ ಕಥೆಗಳನ್ನು ಗೆಲುವಿನ ಕಥೆಗಳಾಗಿಯೇ ಹೇಳುವ ರೂಢಿಯಲ್ಲಿ ಈ ಲೆಕ್ಕ ಬಿಟ್ಟುಹೋಗುತ್ತದೆ.

ಭಾರತದ ನೆಲದಲ್ಲಿ ಆ ಯುದ್ಧದಲ್ಲಿ ವೈರಿಸೈನ್ಯ ಬಂದು ದೀರ್ಘಕಾಲ ನಿಂತದ್ದು ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಲ್ಲಿ. 1942ರ ಮಾರ್ಚ್ 23ರಂದು ಪೋರ್ಟ್‌ಬ್ಲೇರಿಗೆ ಇಳಿದ ಜಪಾನಿಯರು 1945ರವರೆಗೂ ಅಲ್ಲಿದ್ದರು. ಬೇಹುಗಾರಿಕೆಯ ಸಂಶಯದ ಮೇಲೆ ಸ್ಥಳೀಯರನ್ನು ಹಿಡಿದು ಹಿಂಸಿಸಿದರು. ವೈದ್ಯ ದಿವಾನ್ ಸಿಂಗ್ 1944ರ ಜನವರಿಯಲ್ಲಿ ಆ ಚಿತ್ರಹಿಂಸೆಯಿಂದ ತೀರಿಕೊಂಡರು. ಅದೇ ತಿಂಗಳ 30ರಂದು ಹಂಫ್ರಿಗಂಜ್‌ನಲ್ಲಿ 44 ಮಂದಿಯನ್ನು ಗುಂಡಿಕ್ಕಿ ಕೊಂದರು. ಮುಖ್ಯಭೂಮಿಯಿಂದ ಸುದ್ದಿಯೂ ನೆರವೂ ತಲುಪದ ಅಂಥ ದ್ವೀಪದಲ್ಲಿ ಸಂಘಟಿತ ಪ್ರತಿರೋಧಕ್ಕೆ ಎಡೆಯೇ ಇರಲಿಲ್ಲ.

ಮುಖ್ಯಭೂಮಿಯಲ್ಲಿಯೂ 1942ರ ಬೇಸಿಗೆಯ ಹೊತ್ತಿಗೆ ಆಕ್ರಮಣ ಬರೀ ಊಹೆಯಾಗಿ ಉಳಿದಿರಲಿಲ್ಲ. ಏಪ್ರಿಲ್ 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಜಪಾನಿ ಬಾಂಬುಗಳು ಬಿದ್ದವು. ಮದ್ರಾಸಿನ ಜನ ಗಂಟುಮೂಟೆ ಕಟ್ಟಿ ಒಳನಾಡಿಗೆ ಹೊರಟರು. ಒರಿಸ್ಸಾ ಕರಾವಳಿಯಲ್ಲಿದ್ದ ಶಿಷ್ಯೆ ಮೀರಾಬೆನ್, ಜಪಾನಿಯರು ಇಳಿದರೆ ಹಳ್ಳಿಯವರು ಏನು ಮಾಡಬೇಕೆಂದು ಗಾಂಧೀಜಿಯನ್ನು ಪತ್ರದಲ್ಲಿ ಕೇಳಿದರು. ಮೇ 31ರ ಉತ್ತರದಲ್ಲಿ ಗಾಂಧೀಜಿ ಸೂಚಿಸಿದ ದಾರಿ ಅಸಹಕಾರ: ಬಂದವರಿಗೆ ಯಾವ ಬಗೆಯ ನೆರವನ್ನೂ ಕೊಡಬಾರದು, ಅವರಿಂದ ಲಾಭ ಮಾಡಿಕೊಳ್ಳಬಾರದು, ತಲೆಬಾಗಬಾರದು. ಮುಂದೆ ಬರಬಹುದಾದ ಆಕ್ರಮಣಕಾರನ ವಿರುದ್ಧ ಹೂಡಬೇಕೆಂದಿದ್ದ ಅದೇ ಅಸಹಕಾರ ಮೂರು ತಿಂಗಳು ತುಂಬುವ ಮೊದಲೇ ಆಗಲೇ ಇದ್ದ ಬ್ರಿಟಿಷ್ ಆಡಳಿತದ ಮೇಲೆ ತಿರುಗಿತು. ಆಗಸ್ಟ್ 8ರಂದು ಮುಂಬಯಿಯಲ್ಲಿ ಕ್ವಿಟ್ ಇಂಡಿಯಾ ಗೊತ್ತುವಳಿ, 9ರ ಬೆಳಗಿನಲ್ಲಿ ನಾಯಕರ ಬಂಧನ.

ಬ್ರಿಟಿಷ್ ಭಾರತವನ್ನು ಹೇಗ್ ನಿಯಮದ ಅರ್ಥದಲ್ಲಿ ಆಕ್ರಮಿತ ಪ್ರದೇಶ ಎನ್ನಲು ಬರುವುದಿಲ್ಲ. ಆಡಳಿತ ಹಳೆಯದು, ಅದಕ್ಕೆ ಅದರದೇ ಕಾನೂನು, ಕಚೇರಿ, ನೌಕರರು ಇದ್ದರು. ಮೈಸೂರು ಸಂಸ್ಥಾನದಲ್ಲಂತೂ ಸಿಂಹಾಸನದ ಮೇಲಿದ್ದವರು ಜಯಚಾಮರಾಜ ಒಡೆಯರು, ದಿವಾನರು ಎನ್. ಮಾಧವರಾವ್. ಆದರೆ 1942ರ ಆಗಸ್ಟಿನಲ್ಲಿ ಸರ್ಕಾರ ಆಳಿದ ರೀತಿ ಬೇರೆ. ದೇಶದಾದ್ಯಂತ 57 ಬೆಟಾಲಿಯನ್ ಸೈನ್ಯವನ್ನು ಜನರ ಮೇಲೆ ಬಿಡಲಾಯಿತು. ಕೆಲವು ಕಡೆ ವಿಮಾನದಿಂದ ಗುಂಡು ಹಾರಿಸಲಾಯಿತು. ವರ್ಷದ ಕೊನೆಗೆ ಬಂಧಿತರ ಸಂಖ್ಯೆ 60,000 ದಾಟಿತ್ತು. 1857ರ ನಂತರ ಇಷ್ಟು ದೊಡ್ಡ ದಂಗೆ ಆಗಿಲ್ಲವೆಂದು ವೈಸರಾಯ್ ಲಿನ್‌ಲಿತ್‌ಗೋ ಚರ್ಚಿಲ್‌ಗೆ ತಂತಿ ಕಳಿಸಿದ. ಆಗಸ್ಟ್ 15ರ ಸುಗ್ರೀವಾಜ್ಞೆ ಕ್ಯಾಪ್ಟನ್ ದರ್ಜೆಗೆ ಕಡಿಮೆಯಿಲ್ಲದ ಸೇನಾಧಿಕಾರಿಗಳಿಗೆ ಜನರ ಜೀವ ತೆಗೆಯುವವರೆಗಿನ ಬಲಪ್ರಯೋಗದ ಅಧಿಕಾರ ಕೊಟ್ಟಿತು. ಪ್ರತಿರೋಧದ ಬಗೆಯೂ ಯೂರೋಪಿನ ಆಕ್ರಮಿತ ದೇಶಗಳನ್ನೇ ನೆನಪಿಗೆ ತರುವಂತಿತ್ತು. ಹಾಗಾಗಿ ಕರ್ನಾಟಕದಲ್ಲಿ ಈ ವಿಷಯದ ಅತ್ಯಂತ ಹತ್ತಿರದ ಉದಾಹರಣೆ 1942ರದ್ದೇ.

ಆ ವರ್ಷದ ಬೆಂಗಳೂರು ಯುದ್ಧದ ಹಿತ್ತಿಲಾಗಿತ್ತು. ಊರು ಎರಡು ಆಡಳಿತಗಳಲ್ಲಿ ಹಂಚಿಹೋಗಿತ್ತು. ಪೇಟೆಯ ಕಡೆಯದು ಮಹಾರಾಜರ ಸರ್ಕಾರ. ದಂಡು ಪ್ರದೇಶ, ಅಂದರೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ನೇರವಾಗಿ ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿ. ದಂಡಿನಲ್ಲಿ ಸೈನಿಕರ ಸಂಖ್ಯೆ ಹೆಚ್ಚಿ ಅದು ಉತ್ತರದ ಹಳ್ಳಿಗಳ ಕಡೆಗೂ ಹಬ್ಬಿತು. ಜಾಲಹಳ್ಳಿಯಲ್ಲಿ ಇಟಲಿಯ ಯುದ್ಧಕೈದಿಗಳ ಶಿಬಿರ ಮತ್ತು ಸೈನಿಕ ಆಸ್ಪತ್ರೆ ಬಂದವು. ನಾಡಪ್ರಭುಗಳ ಊರಾದ ಯಲಹಂಕದಲ್ಲಿ 1942ರಲ್ಲಿ ರಾಯಲ್ ಏರ್‌ಫೋರ್ಸಿನ ವಿಮಾನ ನೆಲೆ ಎದ್ದಿತು. ಮುಂದೆ ಬರ್ಮಾ ರಣರಂಗಕ್ಕೆ ಹೋಗುವ ದಳಗಳು ಥಂಡರ್‌ಬೋಲ್ಟ್ ವಿಮಾನಗಳ ತರಬೇತಿ ಪಡೆದದ್ದು ಇಲ್ಲಿಯೇ. ಯಲಹಂಕ ರೈಲು ಜಂಕ್ಷನ್ ಕೂಡ: ಒಂದು ದಾರಿ ದೊಡ್ಡಬಳ್ಳಾಪುರ, ಹಿಂದೂಪುರದ ಮೇಲೆ ಗುಂತಕಲ್ಲಿಗೆ, ಇನ್ನೊಂದು ಸಣ್ಣ ಗೇಜಿನದು ದೇವನಹಳ್ಳಿ, ಚಿಕ್ಕಬಳ್ಳಾಪುರದ ಮೇಲೆ ಕೋಲಾರಕ್ಕೆ. ಊರಿನ ಪೂರ್ವಕ್ಕೆ 1940ರ ಡಿಸೆಂಬರಿನಲ್ಲಿ ಹುಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ. ಪಶ್ಚಿಮಕ್ಕೆ ಸೈನ್ಯಕ್ಕೆ ಬಟ್ಟೆ, ಕಂಬಳಿ ನೇಯುತ್ತಿದ್ದ ಬಿನ್ನಿ ಮಿಲ್ಲು. ಬರ್ಮಾ ಜಪಾನಿಯರ ಪಾಲಾಗಿ ಅಲ್ಲಿನ ಅಕ್ಕಿ ನಿಂತುಹೋಗಿತ್ತು. ಧಾನ್ಯ ದುಬಾರಿಯಾಗಿತ್ತು.

ಗುಂತಕಲ್ಲಿಗೆ ಹೋಗುವ ಆ ರೈಲುದಾರಿಯಲ್ಲಿಯೇ, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ಯುದ್ಧಕ್ಕೆ ಮೊದಲೇ ರಕ್ತ ಹರಿದಿತ್ತು. ಶಿವಪುರದ ಧ್ವಜ ಸತ್ಯಾಗ್ರಹದ ಬೆನ್ನಿಗೆ, 1938ರ ಏಪ್ರಿಲ್ 25ರಂದು, ರಾಷ್ಟ್ರಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಮೈಸೂರು ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು 10, ಜನರ ಲೆಕ್ಕದಲ್ಲಿ 30ಕ್ಕೂ ಮೇಲೆ. 1942ರಲ್ಲಿ ಬೀದಿಗಿಳಿದ ಹಳೆಯ ಮೈಸೂರಿನ ಜನ ಚಳವಳಿಗೆ ಹೊಸಬರಾಗಿರಲಿಲ್ಲ. ಗುಂಡು ಅಂದರೇನೆಂದು ಅವರಿಗೆ ಗೊತ್ತಿತ್ತು.

ಆಗಸ್ಟಿನಲ್ಲಿ ನಾಯಕರ ಬಂಧನದ ಸುದ್ದಿ ಬಂದ ಕೂಡಲೇ ಕಾಲೇಜುಗಳು ಖಾಲಿಯಾದವು. ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿ ಎಚ್. ನರಸಿಂಹಯ್ಯ ಓದು ಬಿಟ್ಟು ಜೈಲು ಸೇರಿದರು. ಮುಂದೆ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಪೇಟೆಯಲ್ಲಿ ಅಂಚೆ ಕಚೇರಿಗಳಿಗೆ ಬೆಂಕಿ ಬಿತ್ತು, ಗುಂಡು ಹಾರಿತು. ಮೈಸೂರು ಬ್ಯಾಂಕ್ ವೃತ್ತದಲ್ಲಿ ಆಗ ಸತ್ತವರ ಸ್ಮಾರಕವಿದೆ. ದಿನಕ್ಕೆ ಸಾವಿರಾರು ಮಂದಿ ಅದರ ಪಕ್ಕದಲ್ಲೇ ಬಸ್ಸಿಗೆ ಕಾಯುತ್ತಾರೆ, ತಲೆಯೆತ್ತಿ ಓದುವವರು ವಿರಳ. ಆದರೆ ಸರ್ಕಾರವನ್ನು ಹೆಚ್ಚು ಕಾಡಿದ್ದು ಬೆಂಕಿಗಿಂತ ಮುಷ್ಕರ. ಬಿನ್ನಿ, ಮಿನರ್ವ, ರಾಜಾ ಮಿಲ್ಲುಗಳ ಕೆಲಸಗಾರರು ಹೊರಬಂದರು. ವಿಮಾನ ಕಾರ್ಖಾನೆಯಲ್ಲೂ ಕೆಲಸ ನಿಂತಿತು. ಕಾರ್ಮಿಕರ ಮುಖಂಡರಾಗಿದ್ದ ಮೈಸೂರು ಕಾಂಗ್ರೆಸ್ಸಿನ ಕೆ.ಟಿ. ಭಾಷ್ಯಂ ಅವರಂಥವರು ಬಂಧನದಲ್ಲಿದ್ದರೂ ಮುಷ್ಕರ ನಡೆಯಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯವರೂ ಕೆಲಸ ನಿಲ್ಲಿಸಿದರು. ಸೈನ್ಯದ ಬಟ್ಟೆ, ಸೈನ್ಯದ ವಿಮಾನ, ಸೈನ್ಯಕ್ಕೆ ಬೇಕಾದ ಕಬ್ಬಿಣ: ಯುದ್ಧಕಾಲದ ಸರ್ಕಾರ ಈ ಮೂರರಲ್ಲಿ ಒಂದನ್ನೂ ಬಿಟ್ಟಿರಲಾರದು.

ಪತ್ರಿಕೆಗಳ ಮೇಲೆ ನಿರ್ಬಂಧವಿದ್ದುದರಿಂದ ಸುದ್ದಿ ಹರಡಿದ್ದು ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳಿಂದ. ರಾತ್ರಿ ಅಚ್ಚು, ಬೆಳಗಿನ ಜಾವ ಮನೆ ಬಾಗಿಲಿನ ಸಂದಿಯಲ್ಲಿ. ಆಗ ಉಪಾಧ್ಯಾಯರಾಗಿದ್ದ ಎಚ್.ಎಸ್. ದೊರೆಸ್ವಾಮಿ ಮಿಲ್ಲುಗಳ ಮುಷ್ಕರಕ್ಕೆ ದುಡಿದರು. ಅಂಚೆ ಪೆಟ್ಟಿಗೆಗಳಲ್ಲಿ, ದಫ್ತರದ ಕೋಣೆಗಳಲ್ಲಿ ಸಣ್ಣ ಟೈಂಬಾಂಬುಗಳನ್ನು ಇಡುವ ಕೆಲಸದಲ್ಲೂ ಕೈಜೋಡಿಸಿದರು. ಕಾಗದಪತ್ರ ಸುಡಬೇಕು, ಮನುಷ್ಯ ಸಾಯಬಾರದು ಎಂಬುದು ಅದರ ಲೆಕ್ಕ. ಡಿಸೆಂಬರಿನಲ್ಲಿ ಸಿಕ್ಕಿಬಿದ್ದ ಅವರು 14 ತಿಂಗಳು ಸೆರೆಯಲ್ಲಿದ್ದರು. ಬಾಂಬು ಇಟ್ಟದ್ದನ್ನು ಅಹಿಂಸೆ ಎನ್ನಬಹುದೇ ಎಂಬ ಪ್ರಶ್ನೆಗೆ ಆ ಪೀಳಿಗೆ ಒಂದೇ ದನಿಯಲ್ಲಿ ಉತ್ತರ ಕೊಡಲಿಲ್ಲ. ಗಾಂಧೀಜಿಯಂತೂ ಭೂಗತ ಕೆಲಸವನ್ನು ಮೆಚ್ಚಲಿಲ್ಲ.

ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ಕಾರವಾರದ ಕಡೆ ಚಳವಳಿಗೆ ಹೆಚ್ಚು ಅಚ್ಚುಕಟ್ಟು ಇತ್ತು. ಭೂಗತರಾದ ರಂಗನಾಥ ದಿವಾಕರರ ನೇತೃತ್ವದಲ್ಲಿ ಅಲ್ಲಿನ ತಂಡಗಳು ಸರ್ಕಾರದ ನರಗಳನ್ನು ಹುಡುಕಿ ಕತ್ತರಿಸಿದವು. ಕರ್ನಾಟಕದಲ್ಲಿ ತಂತಿ ಕತ್ತರಿಸಿದ ಪ್ರಕರಣಗಳು 1,600. ದಾಳಿಗೆ ಸಿಕ್ಕಿದ ರೈಲು ನಿಲ್ದಾಣಗಳು 26, ಅಂಚೆ ಕಚೇರಿಗಳು 32. ಹುಬ್ಬಳ್ಳಿಯಲ್ಲಿ ಮೆರವಣಿಗೆಯಲ್ಲಿದ್ದ ಬಾಲಕ ನಾರಾಯಣ ಡೋಣಿ ಗುಂಡಿಗೆ ಬಲಿಯಾದ. ಅದೇ ಊರಿನಲ್ಲಿ ಉಮಾಬಾಯಿ ಕುಂದಾಪುರ ಅವರ ಮನೆ ಭೂಗತರಿಗೆ ಅನ್ನ ಮತ್ತು ಆಸರೆ ಸಿಗುವ ಜಾಗವಾಗಿತ್ತು. ಇಂಥ ಮನೆಗಳ ಹೆಸರು ಪೊಲೀಸರ ಪಟ್ಟಿಯಲ್ಲಿ ಬರಲಿಲ್ಲ. ಅನೇಕವು ಚರಿತ್ರೆಯ ಪುಸ್ತಕಗಳಲ್ಲೂ ಬಂದಿಲ್ಲ. ತಂತಿ ಕತ್ತರಿಸಲು ಒಂದು ರಾತ್ರಿ ಸಾಕು. ಕತ್ತರಿಸಿದವನನ್ನು ತಿಂಗಳುಗಟ್ಟಲೆ ಉಣಿಸಿ ಅಡಗಿಸಿಡುವುದು ಹೆಚ್ಚು ಅಪಾಯದ ಕೆಲಸ, ಮತ್ತು ಅದನ್ನು ಮಾಡಿದವರಲ್ಲಿ ಹೆಂಗಸರೇ ಹೆಚ್ಚು.

ಈ ಭಾಗದ ಅತಿ ದೊಡ್ಡ ಹೆಸರು ಮೈಲಾರ ಮಹಾದೇವಪ್ಪ. ಈಗಿನ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದವರು. 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದರು. 1942ರಲ್ಲಿ ಅವರ ತಂಡ ಹಳ್ಳಿಗಳ ಚಾವಡಿಗಳನ್ನೇ ಗುರಿ ಮಾಡಿತು. ಕಾರಣ ಸರಳ: ಬ್ರಿಟಿಷ್ ಆಡಳಿತ ಹಳ್ಳಿಗೆ ಬರುತ್ತಿದ್ದುದು ಕಂದಾಯದ ರೂಪದಲ್ಲಿ, ಕಂದಾಯ ಇದ್ದದ್ದು ಕುಲಕರ್ಣಿಯ ದಫ್ತರದಲ್ಲಿ. ಯಾರ ಹೊಲ ಎಷ್ಟು, ಯಾರ ಬಾಕಿ ಎಷ್ಟು ಎಂಬ ಕಾಗದ ಸುಟ್ಟುಹೋದರೆ ಸರ್ಕಾರ ಆ ಊರಿನಲ್ಲಿ ಕುರುಡಾಗುತ್ತದೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಇಟ್ಟಿದ್ದ ಕಂದಾಯದ ಹಣಕ್ಕೆ ಕೈಹಾಕಿದಾಗ ಕಾವಲಿನವರ ಗುಂಡಿಗೆ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಬಿದ್ದರು. ಚಳವಳಿಯ ಕಸುವು ಅಲ್ಲಿಂದ ಇಳಿಯಿತು.

ಮೈಸೂರು ಸಂಸ್ಥಾನದೊಳಗೆ ದಫ್ತರದ ಮೇಲಿನ ಇದೇ ಪಟ್ಟು ಪೂರ್ತಿ ಕಾಣುವುದು ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ. ಆಗಸ್ಟಿನಿಂದಲೇ ಅಲ್ಲಿ ಪ್ರಭಾತಫೇರಿ, ಸಭೆಗಳು ನಡೆಯುತ್ತಿದ್ದವು. ಸೆಪ್ಟೆಂಬರಿನಲ್ಲಿ ಊರಿನವರು ಪಟೇಲ ಮತ್ತು ಶಾನುಭೋಗರಿಂದ ಲೆಕ್ಕದ ಪುಸ್ತಕಗಳನ್ನು ಕಿತ್ತುಕೊಂಡರು, ಕಂದಾಯ ಕೊಡುವುದಿಲ್ಲವೆಂದರು, ವೀರಭದ್ರ ದೇವಸ್ಥಾನದ ಮೇಲೆ ಧ್ವಜ ಏರಿಸಿ ಸ್ವತಂತ್ರ ಸರ್ಕಾರ ಸಾರಿದರು. ಸಾಹುಕಾರ್ ಬಸವಣ್ಯಪ್ಪನವರು ಇದರ ಹಿರಿಯ ಮುಂದಾಳು. ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗೆ ನೇಮಕವಾದವರು ಮಾತ್ರ ಇನ್ನೂ ಮೀಸೆ ಬಾರದ ಹುಡುಗರು, ಜಯಪ್ಪ ಮತ್ತು ಮಲ್ಲಪ್ಪ. ಇದನ್ನು ಆಟ ಎಂದುಕೊಳ್ಳುವವರು ಹಳ್ಳಿಯ ಜಾಣತನವನ್ನು ಕಡಿಮೆ ಅಂದಾಜು ಮಾಡಿದ ಹಾಗೆ: ದೊಡ್ಡವರು ಸಿಕ್ಕರೆ ರಾಜದ್ರೋಹ, ಹುಡುಗರ ಮೇಲೆ ಮೊಕದ್ದಮೆ ಹೂಡುವುದು ಸರ್ಕಾರಕ್ಕೇ ಇರಿಸುಮುರಿಸು. ಊರೊಳಗೆ ಬರಬೇಕಾದವರು ಗಾಂಧಿ ಟೋಪಿ ಹಾಕಿಕೊಂಡೇ ಬರಬೇಕೆಂಬ ನಿಯಮವೂ ಇತ್ತು, ಸರ್ಕಾರಿ ನೌಕರರಿಗೂ ಸೇರಿ. ಅವಮಾನವೂ ಒಂದು ಹತಾರವೆಂದು ಈಸೂರಿನವರಿಗೆ ತಿಳಿದಿತ್ತು.

ಸೆಪ್ಟೆಂಬರ್ 28ರಂದು ಅಮಲ್ದಾರ ಚೆನ್ನಕೃಷ್ಣಪ್ಪ ಮತ್ತು ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ ಪೊಲೀಸರೊಂದಿಗೆ ಊರಿಗೆ ಬಂದರು. ಟೋಪಿ ಹಾಕಿಕೊಳ್ಳುವ ಒತ್ತಾಯ, ಮಾತಿಗೆ ಮಾತು, ಲಾಠಿ, ಗುಂಡು. ರೊಚ್ಚಿಗೆದ್ದ ಜನ ತಿರುಗಿಬಿದ್ದು ಇಬ್ಬರೂ ಅಧಿಕಾರಿಗಳು ಅಲ್ಲಿಯೇ ಸತ್ತರು. ಅಲ್ಲಿಯವರೆಗೆ ಪ್ರಜಾ ಪ್ರತಿರೋಧವಾಗಿದ್ದದ್ದು ಆ ಗಳಿಗೆಯಲ್ಲಿ ಬೇರೆಯಾಯಿತು, ಅದರೊಂದಿಗೆ ಸರ್ಕಾರದ ಕೈಯೂ ಬಿಚ್ಚಿತು. ಈಸೂರಿನ ಬಗ್ಗೆ ಹೆಮ್ಮೆಯಿಂದ ಬರೆಯುವವರು ಈ ಎರಡು ಸಾವುಗಳನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ಆದರೆ ಮುಂದೆ ಆದದ್ದಕ್ಕೆಲ್ಲ ಸರ್ಕಾರಕ್ಕೆ ಸಿಕ್ಕ ನೆಪ ಅದೇ. ಸೈನ್ಯ ಊರಿಗೆ ನುಗ್ಗಿತು. ಮನೆಗಳು ಲೂಟಿಯಾದವು, ಸುಟ್ಟವು. ಗಂಡಸರು ಕಾಡು ಸೇರಿದರು. ಊರಿನಲ್ಲಿ ಉಳಿದ ಹೆಂಗಸರು, ಮುದುಕರು, ಮಕ್ಕಳು ಪಾಡು ಪಟ್ಟರು. ಕೆಲವು ವಾರ ಆ ಒಂದು ಹಳ್ಳಿಯಲ್ಲಿ ನಡೆದದ್ದು ಅಕ್ಷರಶಃ ಸೈನಿಕ ಆಡಳಿತ.

ವಿಚಾರಣೆಯ ಬಳಿಕ ಐವರಿಗೆ ಗಲ್ಲು ಖಾಯಂ ಆಯಿತು. 1943ರ ಮಾರ್ಚ್ 8, 9, 10ರಂದು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಬಡಕಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ ಅವರನ್ನು ಗಲ್ಲಿಗೇರಿಸಲಾಯಿತು. ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಎಂಬ ಮೂವರು ಹೆಂಗಸರಿಗೆ ಜೀವಾವಧಿ ಶಿಕ್ಷೆಯಾಯಿತು. ‘ಏಸೂರ ಕೊಟ್ಟರೂ ಈಸೂರ ಕೊಡೆವು’ ಎಂಬ ಘೋಷಣೆ ಇಂದಿಗೂ ಮಲೆನಾಡಿನಲ್ಲಿ ಬಾಯಿಗೆ ಬರುತ್ತದೆ. 1867ರಲ್ಲಿ ಕಟ್ಟಿದ ಆ ಸೆಂಟ್ರಲ್ ಜೈಲು 2000ದಲ್ಲಿ ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರವಾಯಿತು, ಹಳೆಯ ಆವರಣ 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು.

ಒಂದು ಊರು ತಾನೇ ಸರ್ಕಾರವಾಗುವುದು ಈಸೂರಿನಲ್ಲಿ ಮಾತ್ರ ಆದದ್ದಲ್ಲ. ಸಂಯುಕ್ತ ಪ್ರಾಂತ್ಯದ ಬಲಿಯಾದಲ್ಲಿ ಚಿತ್ತು ಪಾಂಡೆಯವರ ಸರ್ಕಾರ ಕೆಲವು ದಿನ ಬಾಳಿತು. ಬಂಗಾಳದ ತಮ್ಲುಕ್‌ನಲ್ಲಿ 1942ರ ಡಿಸೆಂಬರಿನಲ್ಲಿ ಎದ್ದ ಜಾತೀಯ (ಅಂದರೆ ರಾಷ್ಟ್ರೀಯ) ಸರ್ಕಾರ 1944ರವರೆಗೂ ನಡೆಯಿತು. ಚಂಡಮಾರುತದಲ್ಲಿ ಮನೆಮಠ ಕಳೆದುಕೊಂಡವರಿಗೆ ನೆರವನ್ನೂ ಹಂಚಿತು. ಬೆಳಗಾವಿಗೆ ಹತ್ತಿರದ ಸಾತಾರಾ ಜಿಲ್ಲೆಯಲ್ಲಿ ನಾನಾ ಪಾಟೀಲರ ಪ್ರತಿ ಸರ್ಕಾರ ಎಲ್ಲಕ್ಕಿಂತ ಹೆಚ್ಚು ಕಾಲ ಉಳಿದು ನ್ಯಾಯಪಂಚಾಯಿತಿಗಳನ್ನೂ ನಡೆಸಿತು. ಬಲಿಯಾ ಮತ್ತು ಈಸೂರಿನಲ್ಲಿ ಎಲ್ಲವೂ ಹಗಲು ಬೆಳಕಿನಲ್ಲಿ, ಧ್ವಜ ನೆಟ್ಟ ಜಾಗದಲ್ಲಿಯೇ ನಡೆಯಿತು. ಸೈನ್ಯಕ್ಕೆ ಎಲ್ಲಿಗೆ ಹೋಗಬೇಕೆಂಬ ಸಂದೇಹವೇ ಇರಲಿಲ್ಲ. ಸಾತಾರಾದವರು ಹಳ್ಳಿಯಿಂದ ಹಳ್ಳಿಗೆ ಸರಿಯುತ್ತಿದ್ದರು. ಅವರ ಬಳಿ ಆಯುಧವೂ ಇತ್ತು, ಪೊಲೀಸರಿಗೆ ಸುಳಿವು ಕೊಟ್ಟವರನ್ನು ಅವರು ಕ್ರೂರವಾಗಿ ಶಿಕ್ಷಿಸಿದರು. ಹಾಗಾಗಿ ಅದನ್ನು ಪೂರ್ತಿ ಪ್ರಜಾ ಪ್ರತಿರೋಧವೆಂದು ಕರೆಯಲು ಬಹಳ ಮಂದಿ ಹಿಂಜರಿಯುತ್ತಾರೆ.

ನಾರ್ವೆಯ ಶಿಕ್ಷಕರಿಗೂ ಕರ್ನಾಟಕದ ಚಳವಳಿಗಾರರಿಗೂ ಇದ್ದ ಒಂದು ವ್ಯತ್ಯಾಸ ದೊಡ್ಡದು. ನಾರ್ವೆಯಲ್ಲಿ ಆಳುವವರು ಯಾರು, ಹೊರಗಿನವರು ಯಾರು ಎಂಬುದು ಎಲ್ಲರಿಗೂ ಒಂದೇ ಆಗಿ ಕಾಣುತ್ತಿತ್ತು. ಇಲ್ಲಿ ಹಾಗಿರಲಿಲ್ಲ. ಈಸೂರಿನಲ್ಲಿ ಸತ್ತ ಅಮಲ್ದಾರನೂ ಕನ್ನಡಿಗ, ಗಲ್ಲಿಗೆ ಹೋದವರೂ ಕನ್ನಡಿಗರು, ಗಲ್ಲು ಖಾಯಂ ಮಾಡಿದ್ದು ಕನ್ನಡದ ಅರಸರ ನ್ಯಾಯಾಲಯ. ಸೈನ್ಯಕ್ಕೆ ಸೇರಿ ಮರುಭೂಮಿಯಲ್ಲಿ, ಬರ್ಮಾದಲ್ಲಿ ಹೋರಾಡುತ್ತಿದ್ದ ಹುಡುಗರ ಸಂಬಳ ನಂಬಿ ಬದುಕಿದ್ದ ಮನೆಗಳೂ ಇದೇ ಹಳ್ಳಿಗಳಲ್ಲಿದ್ದವು. ಯುದ್ಧದ ಗುತ್ತಿಗೆಗಳಿಂದ ಬೆಂಗಳೂರಿನ ವ್ಯಾಪಾರ ಬೆಳೆಯುತ್ತಿತ್ತು. ಮಿಲ್ಲಿನ ಮುಷ್ಕರ ಎರಡು ವಾರದ ಆಸುಪಾಸಿನಲ್ಲಿ ಮುಗಿದದ್ದಕ್ಕೆ ಪೊಲೀಸರ ಹೆದರಿಕೆಯಷ್ಟೇ ಕಾರಣವಲ್ಲ. ಧಾನ್ಯ ದುಬಾರಿಯಾದ ಕಾಲದಲ್ಲಿ ಕೂಲಿ ಬಿಟ್ಟು ಕೂರಲು ಕೆಲಸಗಾರನ ಮನೆಯಲ್ಲಿ ದಾಸ್ತಾನಿರಲಿಲ್ಲ. ಅಹಮದಾಬಾದಿನ ಗಿರಣಿಗಳು ಮೂರು ತಿಂಗಳಿಗೂ ಮೇಲೆ ನಿಂತದ್ದರ ಹಿಂದೆ ಮಾಲೀಕರ ಮೌನ ಸಮ್ಮತಿ ಇತ್ತೆಂಬುದನ್ನು ಮರೆಯಬಾರದು. ಇಂಗ್ಲಿಷ್ ಕಂಪನಿಯ ಬಿನ್ನಿಯಲ್ಲಿ ಅಂಥ ಸಮ್ಮತಿ ಸಿಗುವುದು ಸಾಧ್ಯವಿರಲಿಲ್ಲ.

1944ರ ಮೇ 6ರಂದು ಗಾಂಧೀಜಿ ಬಿಡುಗಡೆಯಾದರು. ಭೂಗತರೆಲ್ಲ ಹೊರಬಂದು ತಮ್ಮನ್ನು ಒಪ್ಪಿಸಿಕೊಳ್ಳಬೇಕೆಂದು ಅವರು ಹೇಳಿದ ಮೇಲೆ ದಿವಾಕರರು ಶರಣಾದರು. ಸ್ವಾತಂತ್ರ್ಯದ ಬಳಿಕ ಅವರು ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಯುದ್ಧ ಮುಗಿದ ಮೇಲೆ ಜಾಲಹಳ್ಳಿಯ ಶಿಬಿರಗಳ ಸುತ್ತ ಕಾರ್ಖಾನೆಗಳು ಬಂದವು. ಯಲಹಂಕದ ನೆಲೆ ಭಾರತೀಯ ವಾಯುಪಡೆಯದಾಯಿತು. ದಂಡು ಪ್ರದೇಶವನ್ನು ಬ್ರಿಟಿಷರು ಮೈಸೂರಿಗೆ ಬಿಟ್ಟುಕೊಟ್ಟದ್ದು 1947ರ ಜುಲೈಯಲ್ಲಿ. ಆ ಆಗಸ್ಟ್ 15ರಂದೂ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ಅದಕ್ಕಾಗಿ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ನಡೆದು, ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. 1942ರಲ್ಲಿ ಕಲಿತ ಮುಷ್ಕರ, ಗುಪ್ತ ಕರಪತ್ರ, ಕಚೇರಿಗಳಿಗೆ ಮುತ್ತಿಗೆ ಎಲ್ಲವೂ ಆ ಐದಾರು ವಾರಗಳಲ್ಲಿ ಮತ್ತೆ ಬಳಕೆಗೆ ಬಂದವು, ಈ ಸಲ ಗೆಲುವಿನೊಂದಿಗೆ.

ಕಾನೂನಿನ ಕಡೆಯಿಂದ ಒಂದು ವಿಚಾರ ಉಳಿದಿದೆ. 1907ರ ಹೇಗ್ ನಿಯಮಾವಳಿಯ 50ನೇ ವಿಧಿ, ಆಕ್ರಮಿತ ನೆಲದಲ್ಲಿ ಕೆಲವರು ಮಾಡಿದ ತಪ್ಪಿಗೆ ಇಡೀ ಊರಿಗೆ ದಂಡ ಹಾಕುವುದನ್ನು ನಿಷೇಧಿಸಿತ್ತು. ಬ್ರಿಟನ್ ಅದಕ್ಕೆ ಸಹಿ ಹಾಕಿದ ದೇಶ. ಅದೇ ಬ್ರಿಟನ್ನಿನ ಸರ್ಕಾರ 1942ರಲ್ಲಿ ಭಾರತದ ಊರುಗಳ ಮೇಲೆ ಸಾಮೂಹಿಕ ದಂಡ ಹಾಕಲು ಸುಗ್ರೀವಾಜ್ಞೆ ಹೊರಡಿಸಿ, ದೇಶದಾದ್ಯಂತ ಸುಮಾರು 90 ಲಕ್ಷ ರೂಪಾಯಿ ವಿಧಿಸಿತು. ವೈರಿಯ ಪ್ರಜೆಗೆ ಸಿಗಬೇಕಿದ್ದ ರಕ್ಷಣೆ ಸ್ವಂತ ಪ್ರಜೆಗೆ ಸಿಗಲಿಲ್ಲ. 1949ರ ನಾಲ್ಕನೇ ಜಿನೀವಾ ಒಡಂಬಡಿಕೆಯ 33ನೇ ವಿಧಿ ಸಾಮೂಹಿಕ ಶಿಕ್ಷೆಯ ಮೇಲಿನ ನಿಷೇಧವನ್ನು ಇನ್ನಷ್ಟು ಬಿಗಿಗೊಳಿಸಿತು. ಭಾರತವೂ ಅದನ್ನು ಒಪ್ಪಿದೆ. ಆದರೆ 1942ರ ಆಗಸ್ಟ್ 15ರ ಸುಗ್ರೀವಾಜ್ಞೆಗೆ ಬೇರೆಯೇ ಆಯುಷ್ಯ ಸಿಕ್ಕಿತು. ಅದೇ ಮಾದರಿಯಲ್ಲಿ 1958ರಲ್ಲಿ ಸ್ವತಂತ್ರ ಭಾರತದ ಸಂಸತ್ತು ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯನ್ನು ಮೊದಲು ಅಸ್ಸಾಂ ಮತ್ತು ಮಣಿಪುರಕ್ಕೆಂದು ಅಂಗೀಕರಿಸಿತು. ಲಿನ್‌ಲಿತ್‌ಗೋ ಕ್ಯಾಪ್ಟನ್ ದರ್ಜೆಗೆ ನಿಲ್ಲಿಸಿದ್ದ ಗುಂಡಿಕ್ಕುವ ಅಧಿಕಾರ ಆ ಕಾಯ್ದೆಯಲ್ಲಿ ಕಮಿಷನ್ ಪಡೆಯದ ಕಿರಿಯ ಅಧಿಕಾರಿಗಳವರೆಗೂ ಇಳಿದಿದೆ.